ಪಂಪಿನ ಸಪ್ಪಳ ಮತ್ತು ಅವ್ವನ ನಿದ್ದೆ

ಮಿತ್ರರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಗುಳ್ಳೆ ಏಳುವುದು ನಿಂತುಹೋಗಿತ್ತು. ಅವ್ವ ಸಾಕಿದ ಗೋಲ್ಡ್‌ಫಿಶ್‌ಗಳು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ತಮ್ಮಾ, ಲಗೂನ ಏನರ ಮಾಡೋ, ಸಾಯತಾವ ಅವು!" ಅವ್ವ ಅಳುವುದೊಂದೇ ಬಾಕಿ.

ಗಾಳಿಯ ಪೈಪನ್ನು ಊದಿ ನೋಡಿದೆ, ಸರಿಯಿತ್ತು. ಅದರ ತುದಿಯ ಕಲ್ಲನ್ನು ತಿಕ್ಕಿ ತೊಳೆದೆ, ಗುಳ್ಳೆ ಬರಲಿಲ್ಲ. ಕೊನೆಗೆ ತೊಟ್ಟಿಯ ಹಿಂದೆ ಕೈಹಾಕಿ ಪಂಪನ್ನು ಎಳೆದರೆ, ಅದನ್ನು ಎಳೆಗೂಸಿನಂತೆ ಕೌದಿಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿಡಲಾಗಿತ್ತು! ಗಾಳಿ ಎಳೆದುಕೊಳ್ಳಲು ಸಂದಿಯೇ ಇಲ್ಲದೆ ಪಂಪು ಕಾದು ಕೆಂಡವಾಗಿತ್ತು.

"ಯಾರ ಕೆಲಸಬೇ ಇದು?"

"ನಂದ. ರಾತ್ರಿಯೆಲ್ಲಾ ಗುಂಯ್ ಅಂತೈತಿ, ನಿದ್ದಿ ಹತ್ತಂಗಿಲ್ಲ."

"ಅವ್ವಾ, ಗ್ವಾಡಿ ಆಚೀಕ ನಮ್ಮ ಪವರ್‌ಲೂಮ್ ಹಗಲು ರಾತ್ರಿ ಖಟಾಖಟಾ ಬಡೀತಾವಲ್ಲ!"

"ಅದೇನ್ ಸಪ್ಪಳ ಅನಸ್ತೈತೇನ್ಲೇ? ಅವು ನಿಂತ್ರ ನನಗ ಎಚ್ಚರ ಆಗತೈತಿ."

ಮಗ್ಗಗಳ ಊರಾದ ನಮ್ಮ ಬನಹಟ್ಟಿಯವರ ಕಿವಿಯೇ ಹಾಗೆ. ಪಾಪ, ಪೆಟ್ಟು ಬಿದ್ದದ್ದು ಮೀನಿನ ಕಿವಿರಿಗೆ.

ಕೌದಿ ಬಿಚ್ಚಿ, ಪಂಪು ತಣ್ಣಗಾದ ಮೇಲೆ ಚಾಲೂ ಮಾಡಿದೆ. ಗುಳ್ಳೆಗಳು ಎದ್ದವು. ಸ್ವಲ್ಪ ಹೊತ್ತಿಗೆ ಮೀನುಗಳೂ ಕೆಳಗಿಳಿದು ಈಜಾಡತೊಡಗಿದವು. ಅವ್ವ ಗಾಜಿಗೆ ಮೂಗು ಹಚ್ಚಿ, "ತಪ್ಪಾತು ನನ್ನ ಬಂಗಾರಾ, ಇನ್ನ ಹಂಗ ಮಾಡಂಗಿಲ್ಲ" ಎಂದಳು.

ಅವ್ವನ ಬಾಯಿಂದ 'ತಪ್ಪಾತು' ಎಂಬ ಮಾತು ಇಷ್ಟು ವರ್ಷಗಳಲ್ಲಿ ಅಪ್ಪನಿಗೂ ಸಿಕ್ಕಿಲ್ಲ, ನನಗೂ ಸಿಕ್ಕಿಲ್ಲ. ಇವತ್ತು ಮೀನುಗಳಿಗೆ ಸಿಕ್ಕಿತು. ಅವು ಅದರ ಬೆಲೆಯೇ ತಿಳಿಯದೆ ಬಾಲ ತಿರುಗಿಸಿಕೊಂಡು ಹೋದವು.