ಬೆನ್ನ ಹಿಂದಿನ ಕೈ

ಹೊಸಪೇಟೆಯ ಆಸ್ಪತ್ರೆಯಲ್ಲಿ ಸುಟ್ಟ ಕೈಗಳನ್ನು ಪಳಗಿಸುತ್ತಿದ್ದ ಫಿಸಿಯೋಥೆರಪಿ ಮೇಡಂ, ತಮ್ಮ ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು. ಕಂಪ್ಲಿಯ ರೈಸ್ ಮಿಲ್ಲಿನ ಬಾಯ್ಲರ್ ಹಬೆಗೆ ನನ್ನ ಬಲಗೈ ಸುಟ್ಟಿತ್ತು. ಗಾಯ ಮಾಯ್ದರೂ ಬೆರಳು ಮಡಚುತ್ತಿರಲಿಲ್ಲ.

"ಚೀಲದ ಬಾಯಿ ಹೊಲಿಯೋದ್ರಾಗ ನನ್ ಸಮ ಯಾರೂ ಇದ್ದಿದ್ದಿಲ್ರಿ. ಇನ್ನ ಆಗ್ತೈತೇನ್ರಿ?" ಅಂದೆ.

ಮರುದಿನ ಮೇಡಂ ಸಣ್ಣ ಚೀಲದಲ್ಲಿ ಅಕ್ಕಿ, ದಬ್ಬಣ, ಹುರಿ ತಂದಿಟ್ಟು, "ಹೊಲೀರಿ ನೋಡೋಣ" ಅಂದರು.

ದಬ್ಬಣ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ನನ್ನ ಹೆಂಡತಿ ಎತ್ತಿಕೊಡಲು ಬಗ್ಗಿದರೆ, "ಬ್ಯಾಡಕ್ಕಾ, ಅವರೇ ಎತ್ಲಿ" ಅನ್ನುವರು. ದಿನಾ ಅದೇ ಮಾತು. ನನಗೋ ಭಾಳ ಸಿಟ್ಟು.

ಎರಡು ತಿಂಗಳಾದ ಮೇಲೆ ಒಂದು ದಿನ ಚೀಲದ ಬಾಯಿ ಪೂರಾ ಹೊಲಿದೆ. ಆಗ ಮೇಡಂ ಬೆನ್ನ ಹಿಂದಿನ ಕೈ ಬಿಚ್ಚಿ, ಚೀಲ ತಲೆಕೆಳಗು ಮಾಡಿ ಜಾಡಿಸಿದರು.

"ಈಗ ಬಗ್ಗಿ ನೋಡಕ್ಕಾ. ಎತ್ತಾಕ ಒಂದ್ ಕಾಳೂ ಇಲ್ಲ!"