ಎಕಂಬಾದಲ್ಲಿ ಲಾಠಿ ಕಲಿತು ಬಂದದ್ದು

ಭಾಲ್ಕಿಗೆ ಬೆಳಗಿನ ರೈಲು ಎರಡು ತಾಸು ತಡವಾಗಿ ಬಂತು. ಕೂಡಲು ಜಾಗ ಸಿಕ್ಕಿತು, ಅದು ಶಿವನ ಕೃಪೆ. ಪೊಲೀಸ್ ಕಾರ್ಯಾಚರಣೆಗೆ ಮೊದಲಿನ ಮಳೆಗಾಲವದು. ನಿಜಾಮರ ಸೀಮೆಯಲ್ಲಿ ದಾರಿಗಳು ಕೆಟ್ಟಿದ್ದವು; ಲೂಟಿಕೋರರ ಭಯ, ಹೆಂಗಸರಿಗಂತೂ ಇನ್ನೂ ಹೆಚ್ಚು. ಆದರೂ ಎಕಂಬಾಕ್ಕೆ ಕೊಟ್ಟ ಮಗಳು ನೀಲಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತರಲೇಬೇಕಿತ್ತು. ಯಜಮಾನರು ಜ್ವರದಿಂದ ಮಲಗಿದ್ದರು. ನಾನೇ ಹೊರಟೆ.

ಕಮಲನಗರದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಬೀಗರ ಮನೆಯ ಆಳು ಮುದುಕ ಮಾಳಪ್ಪ ಬಂಡಿ ತಂದಿದ್ದ. ಕೆಸರಿನಲ್ಲಿ ಗಾಲಿ ಹೂತು ಹೂತು, ಎಕಂಬಾ ಮುಟ್ಟುವಾಗ ಸಂಜೆಯಾಗಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು.

ಮರುದಿನ ಹಳ್ಳ ತುಂಬಿ ದಾರಿ ಕಟ್ಟಿತು. ಮಳೆಯಲ್ಲೂ ಬೀಗತಿ ಗುರಮ್ಮ ದಿನಾ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಓಣಿಯ ಹೆಂಗಸರಿಗೆ ಲಾಠಿ ಕಲಿಸುತ್ತಿದ್ದರು. ಕೋಲಿನ ತುದಿಗೆ ಚಿಂದಿ ಸುತ್ತಿ, ಒಲೆಯ ಒದ್ದೆ ಬೂದಿಯಲ್ಲಿ ಅದ್ದುವರು. ಏಟು ಬಿದ್ದಲ್ಲಿ ಬಿಳಿ ಗುರುತು.

ನನಗೂ ಲಾಠಿ ಬರುತ್ತಿತ್ತು; ಬೀದರಿನ ತವರಿನಲ್ಲಿ ಅಣ್ಣಂದಿರಿಂದ ಕಲಿತಿದ್ದೆ. ಸೆರಗು ಸಿಕ್ಕಿಸಿ ಗಿರ್ರನೆ ತಿರುಗಿಸಿ ತೋರಿಸಿದೆ. ಗುರಮ್ಮ ಒಂದೇ ಹೆಜ್ಜೆ ಮುಂದೆ ಬಂದು ನನ್ನ ಪಕ್ಕೆಗೆ ತಿವಿದರು.

“ಬೀಗರ, ನೀವು ಸತ್ತಿರಿ. ಚಂದ ತಿರಗಸ್ತೀರಿ, ಲಗ್ನದಾಗ ತಿರಗಸ್ರಿ.”

ಎಲ್ಲರೂ ನಕ್ಕರು, ನನ್ನ ಮಗಳೂ.

ಆಮೇಲೆ ನನ್ನ ಎಡ ಸೊಂಟಕ್ಕೆ ನೀರು ತುಂಬಿದ ಮಣ್ಣಿನ ಕೊಡ ಕೊಟ್ಟರು. “ಇದನ್ನ ಹಿಡಕೊಂಡ ಹೊಡೀರಿ.”

“ಕೊಡ ಇಟ್ಟು ಹೊಡದ್ರ ಆಗೂದಿಲ್ಲೇನ್ರಿ?”

“ಬರಾವ ‘ಅವ್ವಾರ, ಮೊದ್ಲ ಕೊಡ ಇಡ್ರಿ’ ಅಂತ ನಿಂದರ್ತಾನೇನು? ತಲಿಗೆ ಬ್ಯಾಡ್ರಿ, ಮಣಿಕಟ್ಟಿಗೆ ಹೊಡೀರಿ. ಒಂದ ಏಟು. ಆಮ್ಯಾಲ ಓಡೂದು.”

ಮೂರು ದಿನ ಸೆಗಣಿ ಕೆಸರಿನಲ್ಲಿ ಜಾರಿ ಬಿದ್ದೆ. ಕೊಡ ಒಡೆದರೆ ಇನ್ನೊಂದು ಬಂತು. ಗುರಮ್ಮ ಬೀಗತಿಯೆಂದು ಕೈ ತಡೆದು ಹೊಡೆಯುವವರಲ್ಲ. ಮೈಮೇಲೆ ಬಾಸುಂಡೆ ಎದ್ದವು. ಎಲುಬು ಮುರಿಯಲಿಲ್ಲವಲ್ಲ ಎಂದು ಲಿಂಗಪೂಜೆಯಲ್ಲಿ ಕೈಮುಗಿದೆ. ನಾಲ್ಕನೆಯ ಬೆಳಿಗ್ಗೆ ಅವರ ಮಣಿಕಟ್ಟಿನ ಮೇಲೆ ಬಿಳಿ ಗುರುತು ಬಿತ್ತು. ಅದನ್ನು ನೋಡಿಕೊಂಡು, “ಹಳ್ಳ ಇಳದದ. ಇನ್ನ ಹೋಗ್ರಿ,” ಎಂದರು. ರೊಟ್ಟಿಯ ಗಂಟು, ಒಂದು ಗಿಡ್ಡ ಕೋಲು ಕೈಗಿತ್ತರು.

ನೀಲಮ್ಮನೂ ನಾನೂ ಮಾಳಪ್ಪನ ಬಂಡಿಯಲ್ಲಿ ಹಳ್ಳ ದಾಟಿದ ಮೇಲೆ ಜಾಲಿಯ ಮರೆಯಿಂದ ಇಬ್ಬರು ಬಂದರು, ಮುಖಕ್ಕೆ ವಸ್ತ್ರ. ಒಬ್ಬ ಎತ್ತಿನ ಮೂಗುದಾರ ಹಿಡಿದ. ಇನ್ನೊಬ್ಬ ಬಂಡಿಯೊಳಗೆ ಕೈ ಹಾಕಿ ನೀಲಮ್ಮನ ತೋಳು ಎಳೆದ. ಬಂಡಿಯ ಕಮಾನಿನ ಕೆಳಗೆ ಲಾಠಿ ತಿರುಗಿಸಲು ಜಾಗವೆಲ್ಲಿ? ಮಣಿಕಟ್ಟಿಗೆ ಒಂದೇ ಏಟು ಕೊಟ್ಟೆ. ಅವನು ಚೀರಿ ಕೈ ಬಿಟ್ಟ. ಮೂಗುದಾರ ಹಿಡಿದವನು ಅತ್ತ ತಿರುಗಿದೊಡನೆ ಮಾಳಪ್ಪ ಬಾರುಕೋಲು ಬೀಸಿ ಎತ್ತುಗಳನ್ನು ಓಡಿಸಿದ. ಹಿಂದೆ ಯಾರೂ ಬರಲಿಲ್ಲ.

ಕಮಲನಗರ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತೆವು. ನೀಲಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಕೂಸು ಒದೀಲಿಕ್ಕತ್ತದ, ಹಸಿವು. ಅವ್ವಾ, ಗಂಟು ಈಗರೆ ಕೆಳಗ ಇಡು,” ಎಂದಳು.

ಆಗ ನೋಡಿಕೊಂಡೆ. ರೊಟ್ಟಿಯ ಗಂಟು ಎಕಂಬಾದಿಂದ ನನ್ನ ಎಡ ಕಂಕುಳಲ್ಲೇ ಇತ್ತು. ರೊಟ್ಟಿ ಮುರಿದಿದ್ದವು, ಆದರೆ ಒಂದೂ ಕೆಳಗೆ ಬಿದ್ದಿರಲಿಲ್ಲ. ಶಿವನನ್ನು ನೆನೆದು ಆ ಚೂರುಗಳನ್ನೇ ಇಬ್ಬರೂ ಉಂಡೆವು.