ಯಾವಾಗ ಅಂತಾಳ?

ಎಪ್ಪತ್ತರ ದಶಕದ ಕೊನೆಯಲ್ಲಿ, ಆಟಿಸಂ ಕುರಿತು ಸಂಶೋಧನೆ ಮಾಡುತ್ತಿದ್ದ ಮಕ್ಕಳ ಮನಶ್ಶಾಸ್ತ್ರಜ್ಞೆಯೊಬ್ಬರು ನಮ್ಮ ಇರಕಲ್ಲಗಡಕ್ಕೆ ಬರುತ್ತಿದ್ದರು. ಊರಿಗೆಲ್ಲ ಅವರು ಡಾಕ್ಟರಮ್ಮ. ಶಾಲೆಯ ಮಾಸ್ತರನಾದ ನಾನೇ ಅವರನ್ನು ಅಂಥ ಮಕ್ಕಳಿದ್ದ ಮನೆಗಳಿಗೆ ಕರೆದೊಯ್ಯುತ್ತಿದ್ದೆ. ಕುರ್ಚಿ ಕೊಟ್ಟರೆ ಅದರ ಮೇಲೆ ಚೀಲವಿಟ್ಟು, ತಾವು ನೆಲದ ಮೇಲೆ, ಮಗು ಬೆದರದಿರಲೆಂದು ಅದಕ್ಕೆ ಅರ್ಧ ಬೆನ್ನು ತಿರುಗಿಸಿ ಕೂರುತ್ತಿದ್ದರು.

ಹೆತ್ತವರು “ಯಾಕ ಹಿಂಗ?” ಎಂದು ಅತ್ತರೆ, “ಯಾಕ ಅನ್ನೂದು ಆಮ್ಯಾಲ. ಯಾವಾಗ ಹಿಂಗ ಮಾಡ್ತೈತಿ, ಹೇಳ್ರಿ,” ಎನ್ನುವರು. ಮಗು ಮಿಸುಕಿದರೂ ನನ್ನತ್ತ ತಿರುಗಿ, “ಮಾಸ್ತರ, ಟೈಮೆಷ್ಟಾತ್ರಿ?” ಕೇಳಿ ಬರೆದುಕೊಳ್ಳುವರು. ಔಷಧ ಬಿಟ್ಟು ಗಡಿಯಾರ ಕೇಳುವ ಇದೆಂಥ ಡಾಕ್ಟರಿಕೆ ಎಂದು ನಾನು ಒಳಗೊಳಗೇ ರೇಗುತ್ತಿದ್ದೆ.

ಒಂದು ಮನೆಯಲ್ಲಿ ಆರು ವರ್ಷದ ಹುಡುಗಿ ತಾನಾಗಿ ಮಾತೇ ಆಡುತ್ತಿರಲಿಲ್ಲ.

“ನನ್ನ ಮಾತ ನನಗ ತಿರುಗಿಸಿ ‘ನೀರು ಬೇಕೇನವ್ವ?’ ಅಂತಾಳ್ರಿ. ಅಣಕಿಸ್ತಾಳ. ಹೊಡದ್ರೂ ಬಿಡಂಗಿಲ್ಲ,” ಎಂದಳು ತಾಯಿ. ನಮ್ಮ ಕಡೆ ತಾಯಿ ಮಗಳನ್ನೂ ಅವ್ವ ಎಂದೇ ಕರೆಯುತ್ತಾಳೆ.

“ಯಾವಾಗ ಅಂತಾಳ?” ಎಂದರು ಡಾಕ್ಟರಮ್ಮ.

“ರೊಟ್ಟಿ ತಿಂದ ಮ್ಯಾಲ... ಬಿಸಲಾಗ ಆಡಿ ಬಂದಾಗ...” ತಾಯಿ ಗಕ್ಕನೆ ನೀರಿನ ಕೊಡದತ್ತ ತಿರುಗಿದಳು.

ಅಷ್ಟರಲ್ಲಿ ಹುಡುಗಿ ಅಂಗಳದಿಂದ ಬಂದು, ಗೋಡೆ ನೋಡುತ್ತ ಅಂದಳು: “ನೀರು ಬೇಕೇನವ್ವ?”

ತಾಯಿ ಚರಿಗೆ ತುಂಬಿ ಕೊಟ್ಟಳು. ಹುಡುಗಿ ಗಟಗಟ ಕುಡಿದಳು. ತಾಯಿ ಖಾಲಿ ಚರಿಗೆ ಹಿಡಿದು ಓಣಿಗೇ ಓಡಿದಳು: “ನನ್ನ ಮಗಳು ನೀರು ಕೇಳ್ಯಾಳ್ರೀ! ಎರಡು ವರ್ಷದಿಂದ ಕೇಳಾಕತ್ತಾಳ!”

“ಮಾಸ್ತರ, ಟೈಮೆಷ್ಟಾತ್ರಿ?”

ಕಣ್ಣು ಮಂಜಾಗಿ ನನಗೆ ಕೈಗಡಿಯಾರದ ಮುಳ್ಳೇ ಕಾಣಲಿಲ್ಲ. ಗಡಿಯಾರವನ್ನೇ ಬಿಚ್ಚಿ ಡಾಕ್ಟರಮ್ಮನ ಕೈಗೆ ಕೊಟ್ಟೆ.